ಕೊಟ್ಟಿಗೆ ಹಿಂದಿನ ಗಟ್ಟಿಮೇಳ

"ಆ ಕಹಳೆ ಬಾಯಿ ಆಚೆ ತಿರುಗ್ಸೋ ಸೂಳೆಮಗನೆ. ನಿನ್ನ ಎಂಜಲು ಗಾಳಿ ಬಂದು ಅನ್ನದ ಮೇಲೆ ಬೀಳ್ತದೆ."

ಹೇಳಿದವನು ಅಡುಗೆಯವನೂ ಅಲ್ಲ, ಅಡುಗೆಯವನಿಗೆ ಸೌದೆ ಒಡೆದು ಕೊಡುತ್ತಿದ್ದ ಆಳು. ಕೈಯಲ್ಲಿ ಕೊಡಲಿ, ಸೊಂಟದಲ್ಲಿ ಒಂದು ಹರಕು ಪಂಚೆ. ಗುತ್ಯಪ್ಪ ಕಾರ್ನೆಟ್ಟನ್ನು ತುಟಿಯಿಂದ ತೆಗೆದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಂದು ಸಲ ನೋಡಿಕೊಂಡು, ತಿಪ್ಪೆಯ ಕಡೆಗೆ ತಿರುಗಿ ಕೂತ. ಅವನ ತಮ್ಮ ರಾಮಪ್ಪ ಕ್ಲಾರಿಯೋನೆಟ್ಟು ಹಿಡಿದುಕೊಂಡು ತಿರುಗಿದ. ಸಣ್ಣ ಡ್ರಮ್ಮಿನ ಉಚ್ಚಂಗಪ್ಪ ತಿರುಗಿದ. ದೊಡ್ಡ ಡ್ರಮ್ಮಿನ ಕಲ್ಲಪ್ಪನೂ ತಿರುಗಿದ. ಡ್ರಮ್ಮನ್ನು ಯಾರೂ ಬಾಯಿಗೆ ಇಟ್ಟುಕೊಳ್ಳುವುದಿಲ್ಲ, ಅದಕ್ಕೆ ಎಂಜಲಿಲ್ಲ. ಆದರೆ ಯಾವುದಕ್ಕೆ ಬೈಗುಳ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಯೋಚಿಸುವುದನ್ನು ಕಲ್ಲಪ್ಪ ಎಂದೋ ಬಿಟ್ಟಿದ್ದ.

ಗುತ್ಯಪ್ಪನ ಹೆಂಡತಿ ಮೂಕಮ್ಮ ಕೊಟ್ಟಿಗೆಯ ಗೋಡೆಯ ಮೂಲೆಯಲ್ಲಿ ನಿಂತಿದ್ದಳು. ಹೆಸರಿಗೆ ಮೂಕಮ್ಮ, ಮಾತಿಗೆ ಬಡತನವಿರಲಿಲ್ಲ. ಆದರೆ ಇವತ್ತು ಬೆಳಗಿನಿಂದ ಹೆಸರಿನಂತೆಯೇ ಇದ್ದಳು. ಎದುರಿಗೆ ಪಟೇಲ ಮಲ್ಲಿಕಾರ್ಜುನಪ್ಪನವರ ಮನೆಯ ತಿಪ್ಪೆ, ಅದರ ಪಕ್ಕದಲ್ಲಿ ಎಂಜಲೆಲೆ ಎಸೆಯುವ ಗುಂಡಿ. ಮುಹೂರ್ತಕ್ಕೆ ಮುಂಚೆಯೇ ಉಂಡೆದ್ದ ಮೊದಲ ಪಂಕ್ತಿಯ ಎಲೆಗಳು ಆಗಲೇ ಬಂದು ಬಿದ್ದಿದ್ದವು. ಕರಿಗಡುಬಿನ ತುಂಡು, ಅಗಿದು ಉಗಿದ ನುಗ್ಗೆಕಾಯಿ, ಹುಳಿಯಲ್ಲಿ ನೆಂದ ಅನ್ನ. ಎರಡು ನಾಯಿಗಳು ಒಂದೇ ಎಲೆಗೆ ಕಿತ್ತಾಡುತ್ತಿದ್ದವು. ವೈಶಾಖದ ಬಿಸಿಲಿಗೆ ಎಲ್ಲವೂ ಹಬೆಯಾಡುತ್ತಿತ್ತು. ಇವುಗಳ ನಡುವೆ ಇನ್ನೊಂದು ವಾಸನೆ ಬರುತ್ತಿತ್ತು, ಕೊಟ್ಟಿಗೆಯ ಒಳಗಿನಿಂದ. ಆ ವಾಸನೆ ಯಾವುದು ಎಂದು ಆಕೆಗೆ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡಳು.

ಇದು ಅವರ ಸ್ವಂತ ಊರು. ಕುಬಟೂರಿನಿಂದ ಹೊರಟು, ಕೆರೆಯ ಏರಿ ದಾಟಿ ಒಂದು ಹರದಾರಿ ನಡೆದರೆ ಸಿಗುತ್ತದೆ. ಊರಿನ ಆಚೆ ಇವರ ಕೇರಿ. ಸೊರಬದಲ್ಲಿ, ಶಿಕಾರಿಪುರದಲ್ಲಿ, ಆನವಟ್ಟಿಯಲ್ಲಿ, ದೇವಿಯ ಹೆಸರು ಹೊತ್ತ ಇವರ ಗುತ್ಯಮ್ಮ ಬ್ಯಾಂಡ್ ಸೆಟ್ಟು ಎಂದರೆ ಜನ ಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದ ಕಾಲವೊಂದಿತ್ತು. ಆದರೆ ತಮ್ಮ ಊರೊಳಗಿನ ಮದುವೆಯಲ್ಲಿ ಅವರು ಊದಲು ಬಂದದ್ದು ಇದೇ ಮೊದಲು.

ಗುತ್ಯಪ್ಪ ಯುದ್ಧದ ಕಾಲದಲ್ಲಿ ಪಲ್ಟನ್ನಿಗೆ ಸೇರಿದವನು. ಬಂದೂಕು ಕೊಡುತ್ತಾರೆ ಎಂದು ಹೋದ, ಅವರು ಬ್ರಷ್ಷು ಕೊಟ್ಟರು. ಬ್ಯಾಂಡಿನವರ ಹಿತ್ತಾಳೆ ವಾದ್ಯಗಳನ್ನು ಉಜ್ಜಿ ಹೊಳೆಸುವ ಕೆಲಸ. ಉಜ್ಜಿದ ಮೇಲೆ ಕೊಳವೆ ಕಟ್ಟಿದೆಯೋ ಇಲ್ಲವೋ ನೋಡಲು ಊದಬೇಕು. ಊದಿ ಊದಿಯೇ ಕಲಿತ. ಊರಿಗೆ ಬಂದ ಮೇಲೆ ಹತ್ತು ವರ್ಷ ಅವನ ಬಾಯಿಗೆ ಬೀಡಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆಮೇಲೆ ಶಿಕಾರಿಪುರದಲ್ಲಿ ಒಂದು ನಾಟಕ ಕಂಪನಿ ಮಳೆಗಾಲಕ್ಕೆ ಸಿಕ್ಕಿ ಮುಳುಗಿತು. ಅದರ ವಾದ್ಯಗಳು ಒಬ್ಬ ಸಾಹುಕಾರನ ಉಗ್ರಾಣದಲ್ಲಿ ಬಿದ್ದಿದ್ದವು. ಕೇರಿಯ ನಾಲ್ಕು ಜನ ಒಂದು ಇಡೀ ಸುಗ್ಗಿ ಸಾಹುಕಾರನ ಗದ್ದೆ ಕೊಯ್ದು, ಬಡಿದು, ತೂರಿ, ಕೂಲಿಯ ಬದಲಿಗೆ ಅವುಗಳನ್ನು ಹೊತ್ತು ತಂದರು. ಜೊತೆಗೆ ಒಂದು ಹಳೆಯ ಪರದೆಯೂ ಬಂತು. ಅದೇ ಪರದೆಯನ್ನು ಕತ್ತರಿಸಿ ಮೂಕಮ್ಮ ನಾಲ್ಕು ಕೆಂಪು ಕೋಟು ಹೊಲಿದಳು. ಎಷ್ಟು ಒಗೆದರೂ ರಾಮಪ್ಪನ ಬೆನ್ನಿನ ಮೇಲಿನ ಅರಮನೆ ಕಂಬ ಹೋಗಲಿಲ್ಲ. ಅವನು ಬಾಗಿದರೆ ಕಂಬವೂ ಬಾಗುತ್ತಿತ್ತು. ಕೇರಿಯ ಹೆಂಗಸರು ಅವನಿಗೆ ಅರಮನೆ ರಾಮಪ್ಪ ಎಂದು ಹೆಸರಿಟ್ಟರು.

ರಾಜ್ಯ ಒಂದಾದ ವರ್ಷ ಶಿಕಾರಿಪುರದಲ್ಲಿ ಮೆರವಣಿಗೆಯ ಮುಂದೆ ಅವರೇ. ಮರುವರ್ಷ ಚುನಾವಣೆ. ಬೆಳಿಗ್ಗೆ ಒಂದು ಪಾರ್ಟಿಯವರ ಜೀಪಿನ ಮುಂದೆ ಊದಿದರು, ಮಧ್ಯಾಹ್ನ ಇನ್ನೊಂದು ಪಾರ್ಟಿಯವರ ಜೀಪಿನ ಮುಂದೆ ಅದೇ ಹಾಡನ್ನು ಊದಿದರು. ಎರಡು ಕಡೆಯವರೂ ಇದು ನಮ್ಮ ಹಾಡು ಎಂದು ಕುಣಿದರು. ಅಂಜನಾಪುರದಲ್ಲಿ ಕಾಲುವೆಗೆ ನೀರು ಬಿಡುವ ದಿನವೂ ಅವರದೇ ಬ್ಯಾಂಡು. ಅಲ್ಲಿ ಒಬ್ಬ ಸಾಹೇಬರು, ಕೋಟು ನೋಡಿ ಏನು ತಿಳಿದರೋ, ಗುತ್ಯಪ್ಪನ ಕೈ ಹಿಡಿದು ಕುಲುಕಿಬಿಟ್ಟರು. ಯಾರೋ ಹೋಗಿ ಅವರ ಕಿವಿಯಲ್ಲಿ ಕೇರಿಯ ಹೆಸರು ಹೇಳಿದರು. ಸಾಹೇಬರು ಮೆಟ್ಟಿಲಿಳಿದು ಹೋಗಿ, ಆಗತಾನೇ ಬಿಟ್ಟ ಹೊಸ ನೀರಿನಲ್ಲಿ ಕೈ ತೊಳೆದುಕೊಂಡು ಬಂದರು. ಗುತ್ಯಪ್ಪ ಈ ಸಂಗತಿಯನ್ನು ಕೇರಿಯಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದ. ಪೂರಾ ಕಾಲುವೆಯೇ ಮೈಲಿಗೆಯಾಯ್ತು, ಈ ವರ್ಷದ ಭತ್ತವನ್ನೆಲ್ಲ ನಾವೇ ಉಣ್ಣಬೇಕು ಎನ್ನುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮೂಕಮ್ಮ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಆಕೆಗೆ ಬ್ಯಾಂಡಿನಿಂದ ಬೇಕಾಗಿದ್ದದ್ದು ಒಂದೇ. ಸತ್ತ ದನ.

ಊರಿನಲ್ಲಿ ಯಾರ ಕೊಟ್ಟಿಗೆಯಲ್ಲಿ ದನ ಸತ್ತರೂ ಕೇರಿಗೆ ಕರೆ ಬರಬೇಕು. ಉಣ್ಣುತ್ತಿದ್ದವರು ಎದ್ದು ಬರಬೇಕು. ಕಾಲಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕು, ಸುಲಿಯಬೇಕು, ತೊಗಲನ್ನು ಪಟೇಲರ ಮನೆಗೆ ಮುಟ್ಟಿಸಬೇಕು. ಮೂಕಮ್ಮನ ಅಪ್ಪ ಅದನ್ನೇ ಮಾಡಿದ. ಆಕೆಯ ಅವ್ವ ಆ ನೆಣದ ಕೈಯಲ್ಲೇ ಆಕೆಗೆ ಜಡೆ ಹಾಕಿದಳು. ಸೀಗೆಯಲ್ಲಿ ತೊಳೆದರೂ, ಬೂದಿಯಲ್ಲಿ ತಿಕ್ಕಿದರೂ ಕೂದಲಿಂದ ಹೋಗದ ವಾಸನೆ ಅದು. ಬ್ಯಾಂಡಿಗೆ ಹೆಸರು ಬಂದ ವರ್ಷ ಗುತ್ಯಪ್ಪ ಪಟೇಲರ ಅಂಗಳದ ಆಚೆ ನಿಂತು, ನಮಗೆ ದಿನಾ ಊರೂರಿಂದ ಕರೆ ಬರ್ತದೆ, ದನಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟಿದ್ದ. ಸರ್ಕಾರದವರೇ ಕರೆಸುವ ಬ್ಯಾಂಡು. ಪಟೇಲರು ಹಲ್ಲು ಕಚ್ಚಿ ಸುಮ್ಮನಾದರು. ಎರಡು ವರ್ಷ ಕೇರಿಗೆ ಹೆಣ ಬರಲಿಲ್ಲ. ಆ ಎರಡು ವರ್ಷ ಮೂಕಮ್ಮ ಹೂ ಮುಡಿದಳು.

ಆಮೇಲೆ ಆನವಟ್ಟಿಯ ಒಬ್ಬ ಅಂಗಡಿಯವನು ಮೈಕ್ ಸೆಟ್ಟು ತಂದ. ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಮರಕ್ಕೆ ಕಟ್ಟುವ ತುತ್ತೂರಿ. ಹಾಡಿನ ಪ್ಲೇಟು ಹಾಕಿದರೆ ಮೂರು ಊರಿಗೆ ಕೇಳುವ ಹಾಗೆ ಹಾಡುತ್ತಿತ್ತು. ಪೆಟ್ಟಿಗೆಗೆ ಜಾತಿಯಿಲ್ಲ, ಉಣ್ಣಕ್ಕೆ ಕೇಳೋದಿಲ್ಲ, ಅಂಗಳಕ್ಕೆ ಬಂದ್ರೂ ಸೆಗಣಿ ಹಾಕಿ ಸಾರಿಸೋದು ಬೇಡ ಎಂದು ಜನ ಹೇಳಿಕೊಂಡರು. ಒಂದೇ ವರ್ಷದಲ್ಲಿ ಗುತ್ಯಮ್ಮ ಬ್ಯಾಂಡನ್ನು ಕೇಳುವವರಿಲ್ಲದಂತಾಯಿತು. ಕೋಟುಗಳು ಗೂಟದಲ್ಲಿ ನೇತಾಡಿದವು. ಹೋದ ದೀಪಾವಳಿಯ ಹೊತ್ತಿಗೆ ಪಟೇಲರ ಆಳು ಕೇರಿಗೆ ಬಂದು ಮತ್ತೆ ಕೂಗಿದ, ಎತ್ತು ಸತ್ತದೆ ಬರ್ರೋ ಎಂದು.

ಹೀಗಿರುವಾಗ ಪಟೇಲರ ಮಗಳಿಗೆ ತೊಗರ್ಸಿಯ ಕಡೆಯ ಗಂಡು ಗೊತ್ತಾಯಿತು. ಆ ಬೀಗರು ಅಂಜನಾಪುರದಲ್ಲಿ ಬ್ಯಾಂಡು ಕೇಳಿದ್ದವರು. ಪೆಟ್ಟಿಗೆ ಹಾಡು ಎಲ್ಲರ ಮನೆಯಲ್ಲೂ ಇರ್ತೈತ್ರೀ, ನಮ್ಮ ಮದುವಿಗೆ ಬ್ಯಾಂಡೇ ಬೇಕು ಎಂದು ಹಟ ಹಿಡಿದರು. ಪಟೇಲರು ಗುತ್ಯಪ್ಪನನ್ನು ಕರೆಸಿ ಮಾತು ಕೊಟ್ಟರು. ಈ ಮದುವೆ ಚೆಂದಾಗಿ ನಡೆಸಿಕೊಟ್ಟರೆ ಇನ್ನು ಮುಂದೆ ಸತ್ತ ದನಕ್ಕೆ ನಿಮ್ಮನ್ನು ಕರೆಯುವುದಿಲ್ಲ, ನಿಮ್ಮ ಮಕ್ಕಳನ್ನೂ ಕರೆಯುವುದಿಲ್ಲ ಎಂದರು. ಗುತ್ಯಪ್ಪ ಮನೆಗೆ ಬಂದು ಅದನ್ನು ಹೇಳಿದಾಗ ಮೂಕಮ್ಮ ಹುಣಸೆಹಣ್ಣು ಕಿವುಚಿ ಹಿತ್ತಾಳೆ ಉಜ್ಜಲು ಕೂತವಳು, ಕಾರ್ನೆಟ್ಟಿನಲ್ಲಿ ತನ್ನ ಹಲ್ಲಿನ ಸಂದು ಕಾಣುವವರೆಗೂ ಏಳಲಿಲ್ಲ.

ಕೂರಲು ಜಾಗ ಎಲ್ಲಿ ಎಂದು ಬೆಳಿಗ್ಗೆ ಕೇಳಿದ್ದಕ್ಕೆ ಪಟೇಲರು ಕೊಟ್ಟಿಗೆ ಹಿಂದಕ್ಕೆ ಬೆರಳು ತೋರಿಸಿದ್ದರು. ಸರ್ಕಾರ ಕಾನೂನು ಮಾಡಿದೆಯಂತಲ್ಲ ಎಂದು ಬೀಗರ ಕಡೆಯ ಯಾರೋ ತಮಾಷೆಗೆ ಅಂದರು. ಪಟೇಲರು ನಕ್ಕು, ಕಾನೂನು ಸೊರಬದ ತನಕ ಬಂದದೆ, ನನ್ನ ಹಿತ್ಲಿಗೆ ಇನ್ನೂ ಬಂದಿಲ್ಲ ಎಂದರು.

ಇದೇನೂ ಹೊಸದಲ್ಲ. ಇಷ್ಟು ವರ್ಷ ಇಷ್ಟು ಮದುವೆಗೆ ಊದಿದರೂ ಬ್ಯಾಂಡಿನವರು ಯಾರೂ ತಾಳಿ ಕಟ್ಟುವುದನ್ನು ನೋಡಿರಲಿಲ್ಲ. ಎಲ್ಲ ಕಡೆಯೂ ಗೋಡೆಯ ಹಿಂದೆ, ಬೇಲಿಯ ಹಿಂದೆ, ತಿಪ್ಪೆಯ ಮಗ್ಗುಲಲ್ಲಿ. ಆದರೆ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ಗಟ್ಟಿಮೇಳ ಏಳಲೇಬೇಕು. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ, ಯಾರಾದರೂ ಒಂದು ಕೆಟ್ಟ ಮಾತಾಡಿದರೆ ಅದು ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮದುವೆ ಮನೆಯವರಲ್ಲಿ ಒಬ್ಬ, ಮಂಟಪವೂ ಕಾಣುವ, ಇವರಿಗೂ ಕಾಣುವ ಎತ್ತರದಲ್ಲಿ ನಿಂತು ಟುವಾಲು ಬೀಸುವುದು. ಊದುವವರ ಕಣ್ಣು ವಾದ್ಯದ ಮೇಲೆ ಇರುವುದರಿಂದ ಅದನ್ನು ನೋಡುವ ಕೆಲಸ ಮೂಕಮ್ಮನದು. ಆಕೆ ಗುತ್ಯಪ್ಪನ ಬೆನ್ನು ಮುಟ್ಟಬೇಕು, ಮೇಳ ಏಳಬೇಕು. ಆಕೆ ಮುಟ್ಟದೆ ಯಾರೂ ಶುರು ಮಾಡುವಂತಿಲ್ಲ. ಒಂದು ಸಲವೂ ತಪ್ಪಿರಲಿಲ್ಲ.

ಇವತ್ತು ಹುಲ್ಲಿನ ಬಣವೆಯ ಮೇಲೆ ನಿಂತಿದ್ದವನು ಪಟೇಲರ ಭಾವಮೈದುನ ವೀರಬಸಪ್ಪ. ರೇಷ್ಮೆ ಅಂಗಿ, ಕೆಂಪು ಟುವಾಲು. ಆಳುಗಳ ಕೆಲಸ ನನ್ನ ತಲೆಗೆ ಕಟ್ಟಿದರು ಎಂದು ಗೊಣಗುತ್ತಲೇ ಹತ್ತಿದ್ದ. ಮೂಕಮ್ಮ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಟುವಾಲು ಮೇಲಕ್ಕೆ ಹೋಯಿತು, ಬಲಕ್ಕೆ ಎಡಕ್ಕೆ ಜೋರಾಗಿ ಬೀಸಿತು. ಮೂಕಮ್ಮ ಗಂಡನ ಬೆನ್ನು ಮುಟ್ಟಿದಳು.

ಮೇಳ ಎದ್ದಿತು. ಕಲ್ಲಪ್ಪನ ಡ್ರಮ್ಮಿಗೆ ಕೊಟ್ಟಿಗೆಯ ಗೋಡೆಯ ಮಣ್ಣು ಉದುರಿತು. ಒಂದು ವರ್ಷ ಗೂಟದಲ್ಲಿ ನೇತಾಡಿದ್ದ ಬ್ಯಾಂಡು, ಆ ಗಳಿಗೆಯಲ್ಲಿ ಹಳೆಯ ಬ್ಯಾಂಡೇ ಆಗಿತ್ತು. ಮೂಕಮ್ಮನಿಗೆ ಮೈ ಜುಮ್ಮೆಂದಿತು. ಆಗ ಬಣವೆಯ ಮೇಲೆ ನೋಡಿದರೆ ವೀರಬಸಪ್ಪ ಟುವಾಲನ್ನು ಇನ್ನೂ ಬೀಸುತ್ತಲೇ ಇದ್ದಾನೆ, ಕುಣಿಯುತ್ತಿದ್ದಾನೆ, ಕಿವಿ ಹಿಡಿದುಕೊಂಡು ಕೆಳಗೆ ಜಾರುತ್ತಿದ್ದಾನೆ.

ಅಂಗಳದಲ್ಲಿ ಗದ್ದಲವಾಯಿತು. ರಾಹುಕಾಲ ಮುಗಿಯಲು ಇನ್ನೂ ಹೊತ್ತಿತ್ತು. ಮದುವೆ ಮಾಡಿಸುವ ಅಯ್ಯನೋರು ಇನ್ನೂ ಮಂತ್ರ ಶುರು ಮಾಡಿರಲಿಲ್ಲ. ಮೇಳ ಕೇಳಿದ ಕೂಡಲೇ ಜನರೆಲ್ಲ ಅಕ್ಕಿಕಾಳು ಎಸೆದರು, ಗಾಬರಿಯಾದ ಮದುಮಗ ಮುಂದಿದ್ದ ತಟ್ಟೆಯಿಂದ ತಾಳಿ ಎತ್ತಿ ಕಟ್ಟಿಯೇಬಿಟ್ಟಿದ್ದ.

ಪಟೇಲರು ಹಿತ್ತಲಿಗೆ ಬಂದಾಗ ಅವರ ಹೆಗಲ ಮೇಲಿನ ಶಲ್ಯ ನೆಲದಲ್ಲಿ ಎಳೆಯುತ್ತಿತ್ತು. ಹಿಂದೆ ವೀರಬಸಪ್ಪ. ಅವರ ಹಿಂದೆ, ಮೂಗಿಗೆ ಬಟ್ಟೆ ಹಿಡಿದು ದೂರದಲ್ಲೇ ನಿಂತ ಅಯ್ಯನೋರು.

"ಯಾವ ಬೋಸುಡಿಮಗನೋ ಶುರು ಮಾಡಿದ್ದು?"

ಗುತ್ಯಪ್ಪ ಎದ್ದು ನಿಂತು ಟೋಪಿ ತೆಗೆದ. "ಟುವಾಲು ಬೀಸಿದ್ರು ಒಡೆಯಾ."

"ನಾನು ಬೀಸಿಲ್ಲ ಭಾವ," ಎಂದ ವೀರಬಸಪ್ಪ. "ಸುಳ್ಳು ಹೇಳ್ತಾನೆ ಹಲ್ಕಾ."

ಅವನ ಎಡಗಿವಿ ಬದನೆಕಾಯಿಯಂತೆ ಊದಿ ಕೆಂಪಾಗಿತ್ತು. ಕಡಜ ಕಚ್ಚಿದ ಗುರುತು ನೆತ್ತಿಯವರೆಗೂ ಇತ್ತು. ಮೂಕಮ್ಮ ತಡೆದುಕೊಳ್ಳಲಿಲ್ಲ. "ಕಡಜ ಓಡಿಸಕ್ಕೆ ಬೀಸಿದ್ರೋ, ಕರೆಯಕ್ಕೆ ಬೀಸಿದ್ರೋ ನಮಗೆ ಹೆಂಗೆ ಗೊತ್ತಾಗ್ಬೇಕು ಒಡೆಯಾ? ಅವರ ಕಿವಿ ನೋಡ್ರಿ."

ಪಟೇಲರು ಆಕೆಯನ್ನು ನೋಡಲಿಲ್ಲ, ಗುತ್ಯಪ್ಪನನ್ನೇ ನೋಡಿದರು. "ಏನೋ, ಹೆಂಡ್ತಿ ಬಾಯಿಗೂ ಒಂದು ಕಹಳೆ ಕಟ್ಟಿದೀಯೇನೋ?"

ಆಳುಗಳು ನಕ್ಕರು. ಸೌದೆ ಒಡೆಯುವವನು ಎಲ್ಲರಿಗಿಂತ ಜೋರಾಗಿ ನಕ್ಕ.

ಅಯ್ಯನೋರು ದೂರದಿಂದಲೇ ತೀರ್ಮಾನ ಹೇಳಿದರು. ಕಟ್ಟಿದ್ದು ಕಟ್ಟಿದ ಹಾಗಲ್ಲ. ಬಿಚ್ಚಿ ಮತ್ತೆ ಕಟ್ಟಬೇಕು. ರಾಹುಕಾಲ ಕಳೆದ ಮೇಲೆ ಒಂದು ಗಳಿಗೆ ಒಳ್ಳೆಯದಿದೆ, ಅದು ತಪ್ಪಿದರೆ ಈ ತಿಂಗಳು ಮುಹೂರ್ತವಿಲ್ಲ. ಮೇಳವಿಲ್ಲದೆ ಮಾತ್ರ ಕಟ್ಟಕೂಡದು. ಆದರೆ ಈ ಬಾಯಿಂದ ಬಂದ ಸದ್ದಿಗೆ ಒಮ್ಮೆ ಕೆಟ್ಟುಹೋಗಿದೆ, ಶುದ್ಧಿ ಮಾಡಿಸಿಯೇ ಊದಿಸಿ. ಇಷ್ಟು ಹೇಳಿ ಅವರು ತಿರುಗಿ ಹೋದರು.

ಕೊಟ್ಟಿಗೆಯ ಮೋರಿಯಲ್ಲಿ ನಿಂತಿದ್ದ ಗಂಜಲವನ್ನು ಮಡಕೆಯಲ್ಲಿ ತುಂಬಿ ತಂದವನು ಅದೇ ಸೌದೆಯವನು. ಮಂದವಾಗಿ, ಹಳದಿಗೆ ತಿರುಗಿ, ಅದರಲ್ಲಿ ಹುಲ್ಲಿನ ಚೂರು, ಸೆಗಣಿ, ಸತ್ತ ನೊಣ. ಮೊದಲು ಕಾರ್ನೆಟ್ಟಿನ ಬಾಯಿಗೆ ಸುರಿದ. ಅದು ಕೊಳವೆಯ ಸುತ್ತೆಲ್ಲ ಗುಳುಗುಳು ಎಂದು ಇಳಿದು, ಗುತ್ಯಪ್ಪ ತುಟಿ ಇಡುವ ಕಡೆಯಿಂದ ಹನಿಯಿತು. ಆಮೇಲೆ ಕ್ಲಾರಿಯೋನೆಟ್ಟಿಗೆ. ರಾಮಪ್ಪ ಕೈ ಅಡ್ಡ ಹಿಡಿದ. ಇದು ಮರದ್ದು ಒಡೆಯಾ, ತೂತು ಮುಚ್ಚೋ ಚರ್ಮ ನೆಂದು ಉಬ್ಬಿದರೆ ಮತ್ತೆ ಮಾತಾಡೋದಿಲ್ಲ ಎಂದ. ಸೌದೆಯವನು ಅವನ ಕೈಯ ಮೇಲೆಯೇ ಸುರಿದ. ಉಳಿದದ್ದನ್ನು ನಾಲ್ವರ ತಲೆಯ ಮೇಲೂ ಎರಚಿದ. ಕೆಂಪು ಕೋಟಿನಿಂದ ಬಣ್ಣದ ನೀರು ಇಳಿಯಿತು.

ಗುತ್ಯಪ್ಪ ಅಂಗಿಯ ಚುಂಗಿನಿಂದ ವಾದ್ಯದ ತುದಿ ಒರೆಸಲು ಹೋದ.

"ಒರೆಸಬ್ಯಾಡ," ಎಂದರು ಪಟೇಲರು. "ಹಂಗೇ ಬಾಯಿಗೆ ಇಡು. ನಾಲಿಗೆ ಶುದ್ಧ ಆಗ್ಲಿ. ಎಲ್ಲ ಗೋಡೆ ಕಡೆ ಮುಖ ಮಾಡಿ ಕೂರ್ರಿ. ನಿಮ್ಮ ಉಸಿರು ಅಂಗಳಕ್ಕೆ ಬರಬಾರದು."

ಹೊರಟವರು ಎರಡು ಹೆಜ್ಜೆ ಹೋಗಿ ನಿಂತರು. ಮರೆತಿದ್ದನ್ನು ನೆನಪು ಮಾಡಿಕೊಂಡವರಂತೆ ಕೊಟ್ಟಿಗೆಯತ್ತ ಗದ್ದ ತಿರುಗಿಸಿದರು. "ನಿನ್ನೆ ಎಮ್ಮೆ ಸತ್ತದೆ ಒಳಗೆ. ಆಗಲೇ ಉಬ್ಬಿದೆ. ಊದಿದ್ದು ಮುಗಿದ ಕೂಡ್ಲೆ ಎಳಕೊಂಡು ಹೋಗ್ರಿ. ಹೆಂಗೂ ಬಂದೀರಲ್ಲ ಅಂತ ಇಲ್ಲೇ ಕೂರಿಸ್ದೆ. ಕೋಟು ಬಿಚ್ಚೋದೇನೂ ಬ್ಯಾಡ."

"ಮಾತು ಕೊಟ್ಟಿದ್ರಿ ಒಡೆಯಾ," ಎಂದ ಗುತ್ಯಪ್ಪ.

"ಮದುವೆ ಚೆಂದಾಗಿ ನಡೆಸಿಕೊಟ್ರೆ ಅಂದಿದ್ದೆ."

ಅವರು ಹೋದರು. ವೀರಬಸಪ್ಪ ಕಿವಿಗೆ ಸುಣ್ಣ ಹಚ್ಚಿಸಿಕೊಂಡು ಮತ್ತೆ ಬಣವೆ ಹತ್ತಿದ.

ನಾಲ್ವರೂ ಗೋಡೆಗೆ ಮುಖ ಮಾಡಿ ಕೂತರು. ಗೋಡೆಯ ಆಚೆ ಎಮ್ಮೆ. ಈಗ ವಾಸನೆಗೆ ಹೆಸರಿತ್ತು. ರಾಮಪ್ಪ ಕ್ಲಾರಿಯೋನೆಟ್ಟನ್ನು ಬಾಯಿಗೆ ಇಟ್ಟವನು, ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಹಳದಿ ನೀರಷ್ಟೇ ಬಂತು. ಬಾಯಿ ಒರೆಸಿಕೊಂಡು ಮತ್ತೆ ಇಟ್ಟುಕೊಂಡ. ಉಚ್ಚಂಗಪ್ಪ ಅಳುತ್ತಿದ್ದ. ಅವನ ಡ್ರಮ್ಮಿನ ತೊಗಲಿನ ಮೇಲೆ ಗಂಜಲದ ಹನಿಗಳು ಹರಡಿದ್ದವು.

"ಹೋಗಾನ ನಡಿ," ಎಂದಳು ಮೂಕಮ್ಮ, ಗಂಡನಿಗೆ ಮಾತ್ರ ಕೇಳುವಂತೆ.

"ಎಲ್ಲಿಗೆ ಹೋಗ್ತಿ? ಊದದೆ ಹೋದ್ರೆ ಬ್ಯಾಂಡು ಇವತ್ತಿಗೆ ಸತ್ತಂಗೆ. ತೊಗರ್ಸಿ ಕಡೆಯವ್ರು ಕೇಳ್ತಾ ಅವ್ರೆ. ನಾಳೆ ಅವ್ರು ಕರೆದ್ರೂ ಕರೀಬಹುದು." ಅವನ ಗಲ್ಲದಿಂದ ಒಂದು ಹನಿ ಇಳಿಯಿತು. "ಇದೊಂದು ಊದ್ತೀನಿ ಮೂಕಿ. ಬೆನ್ನು ಮುಟ್ಟು, ಸಾಕು."

ಆಕೆ ಮತ್ತೆ ಮೂಲೆಗೆ ಬಂದು ನಿಂತಳು. ಗಂಡನ ಬೆನ್ನಿಗೆ ಒಂದು ಗೇಣು ದೂರದಲ್ಲಿ ಕೈ ಚಾಚಿದಳು. ತಾನೇ ಹೊಲಿದ ಕೋಟು, ತಾನೇ ಹಾಕಿದ ಹೊಲಿಗೆ. ಒದ್ದೆಯಾಗಿ ಮೈಗೆ ಅಂಟಿತ್ತು, ಒಳಗೆ ಬೆನ್ನೆಲುಬು ಎಣಿಸುವ ಹಾಗೆ ಕಾಣುತ್ತಿತ್ತು. ಉಸಿರು ತುಂಬಿಕೊಂಡು ಆ ಬೆನ್ನು ಕಾಯುತ್ತಿತ್ತು. ಮದುಮಗಳ ಮೇಲೆ ಆಕೆಗೆ ಸಿಟ್ಟಿರಲಿಲ್ಲ. ಕೇರಿಯಲ್ಲಿ ಇವರು ಊದಿ ನೋಡುತ್ತಿದ್ದಾಗ ಆ ಹುಡುಗಿ ಒಮ್ಮೆ ಬೇಲಿಯ ಆಚೆಯಿಂದ, ಮೂಕಕ್ಕ ಆ ಹಾಡು ಇನ್ನೊಂದ್ಸಲ ಊದಕ್ಕೆ ಹೇಳು ಎಂದು ಕೇಳಿದ್ದಳು.

ಬಣವೆಯ ಮೇಲೆ ಟುವಾಲು ಎದ್ದಿತು.

ಈ ಸಲ ಕಡಜವಿರಲಿಲ್ಲ. ಮಂಟಪದ ಕಡೆ ಒಮ್ಮೆ ನೋಡಿ, ಇವರ ಕಡೆ ಒಮ್ಮೆ ನೋಡಿ, ವೀರಬಸಪ್ಪ ಸರಿಯಾಗಿ ಬೀಸಿದ. ಮೂಕಮ್ಮನ ಕೈ ಚಾಚಿದಂತೆಯೇ ಇತ್ತು. ಬೆರಳು ಕೋಟಿನ ಹತ್ತಿರಕ್ಕೆ ಹೋಯಿತು. ಮೂಗಿಗೆ ಎಮ್ಮೆ ಬಂತು. ಆಕೆ ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.

ಟುವಾಲು ಇನ್ನೊಮ್ಮೆ ಬೀಸಿತು. ಮತ್ತೊಮ್ಮೆ, ಜೋರಾಗಿ.

"ಬಂತೇನೆ?" ಗುತ್ಯಪ್ಪ ಕಾರ್ನೆಟ್ಟಿನಿಂದ ತುಟಿ ಪೂರ್ತಿ ತೆಗೆಯದೆ ಕೇಳಿದ.

"ಇನ್ನೂ ಇಲ್ಲ."

ಅಂಗಳದಲ್ಲಿ ಮಂತ್ರ ನಿಂತಿತು. ಒಂದು ಕ್ಷಣ ಎಲ್ಲೂ ಸದ್ದಿಲ್ಲ. ಆ ಸದ್ದಿಲ್ಲದ ಜಾಗದಲ್ಲಿ ಯಾರೋ ಮುದುಕ ಕೆಮ್ಮಿದ, ಒಂದು ಮಗು ಉಚ್ಚೆ ಬಂತು ಎಂದು ಅತ್ತಿತು, ಗಟ್ಟಿಮೇಳ, ಗಟ್ಟಿಮೇಳ ಎಂದು ಅಯ್ಯನೋರು ಕೂಗುವುದು ಕೇಳಿತು. ವೀರಬಸಪ್ಪ ಬಣವೆಯ ಮೇಲೆ ಕುಪ್ಪಳಿಸುತ್ತಿದ್ದ. ಟುವಾಲು ಕೈ ಜಾರಿ ಕೆಳಗೆ ಬಿತ್ತು. ಎರಡು ಕೈಯನ್ನೂ ಎತ್ತಿ, ಊದ್ರೋ ಸೂಳೆಮಕ್ಕಳಾ ಎಂದು ಕಿರುಚಿದ.

ಕಲ್ಲಪ್ಪನ ಕೋಲು ಮೇಲಕ್ಕೆದ್ದಿತು. "ಅಣ್ಣಾ, ಕೂಗ್ತಾ ಅವ್ರಲ್ಲ?"

ಗುತ್ಯಪ್ಪ ಕತ್ತು ತಿರುಗಿಸಿದ. ಬಣವೆಯ ಮೇಲೆ ಕುಣಿಯುತ್ತಿದ್ದ ರೇಷ್ಮೆ ಅಂಗಿಯನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಆಕೆಯ ಕೈ ಕಾಣಲಿಲ್ಲ, ಸೆರಗಿನೊಳಗೆ ಗಂಟಾಗಿದ್ದ ಮುಷ್ಟಿ ಮಾತ್ರ ಕಂಡಿತು. ತುಂಬ ಹೊತ್ತು ಎದೆಯಲ್ಲಿ ಹಿಡಿದಿದ್ದ ಗಾಳಿಯನ್ನು ಮೂಗಿನಿಂದ ಬಿಟ್ಟ.

"ಕೋಲು ಇಳಿಸೋ," ಎಂದ. "ಮೂಕಿ ಇನ್ನೂ ಮುಟ್ಟಿಲ್ಲ."

ಅವನು ಮತ್ತೆ ಗೋಡೆಯ ಕಡೆಗೆ ತಿರುಗಿ ಕೂತು ಕಾರ್ನೆಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿದ. ಒಳಗೆ ಉಳಿದಿದ್ದ ಗಂಜಲ ಗೋಡೆಯ ಬುಡಕ್ಕೆ ಹನಿ ಹನಿಯಾಗಿ ಬೀಳತೊಡಗಿತು. ಮನೆಯ ಪಕ್ಕದ ಓಣಿಯಿಂದ ಓಡಿ ಬರುತ್ತಿದ್ದ ಕಾಲುಗಳ ಸದ್ದು ಹತ್ತಿರವಾಗುತ್ತಿತ್ತು, ಬಹಳ ಜನರದು. ನಾಲ್ವರಲ್ಲಿ ಯಾರೂ ಏಳಲಿಲ್ಲ.